ಬಲಗಡೆ ನಡೆದವಳು

"ಅಜ್ಜನವರೇ, ದೂರ ನಡೆಯಲು ಹೊರಟವನು ಏನನ್ನು ಕಟ್ಟಿಕೊಂಡು ಹೋಗಬೇಕು? ಏನನ್ನು ಬಿಟ್ಟು ಹೋಗಬೇಕು?"

ಅಡಿವೆಪ್ಪ ಈ ಪ್ರಶ್ನೆ ಕೇಳಿದ್ದು ಮಧ್ಯಾಹ್ನದ ಊಟವಾದ ಮೇಲೆ. ಬೆಳಗಿನಿಂದ ಅವನು ಮಠದ ಗುರುಗಳಾದ ಅಜ್ಜನವರ ಬಳಿ ಕೇಳಲು ಬಂದದ್ದು ಇದೇ ಮೊದಲಲ್ಲ. ಮೊದಲು ಬಂದು, ಹಳ್ಳದ ದಂಡೆ ಹಿಡಿದು ಹೋದರೆ ಒಳ್ಳೆಯದೋ ಗಾಡಿ ದಾರಿ ಹಿಡಿದರೆ ಒಳ್ಳೆಯದೋ ಎಂದು ಕೇಳಿದ್ದ. ಆಮೇಲೆ ಬಂದು, ರಾತ್ರಿಗೆ ಕಂಬಳಿ ಸಾಕೋ ಕೌದಿಯೂ ಬೇಕೋ ಎಂದು ಕೇಳಿದ್ದ. ಪ್ರತಿ ಸಲ ಎದ್ದು ಹೋಗುವಾಗಲೂ ಅಜ್ಜನವರ ತಂಬಿಗೆಯಲ್ಲಿ ನೀರಿದೆಯೇ ಎಂದು ಬಗ್ಗಿ ನೋಡುತ್ತಿದ್ದ. ಇದ್ದರೂ ಚೆಲ್ಲಿ ಹೊಸದಾಗಿ ತುಂಬುತ್ತಿದ್ದ.

ಮಠದ ಪಾಠಶಾಲೆಯ ಮಾಳಿಗೆಗೆ ಮಳೆಗಾಲಕ್ಕೆ ಮುಂಚೆ ಹೊಸ ಮಣ್ಣು ಹಾಕಿಸಬೇಕಿತ್ತು. ಮುಂದಿನ ತಿಂಗಳು ಬರುತ್ತೇವೆಂದ ಆಳುಗಳು ಹೇಳದೆ ಕೇಳದೆ ಅಂದು ಬೆಳಿಗ್ಗೆಯೇ ಬಂದುಬಿಟ್ಟರು. ಪಾಠಕ್ಕೆ ಎಂಟು ದಿನ ಬಿಡುವು ಎಂದು ಅಜ್ಜನವರು ಹೇಳಿದರು. ಉಳಿದ ವಿದ್ಯಾರ್ಥಿಗಳು ಆಗಲೇ ತಮ್ಮ ತಮ್ಮ ಊರಿಗೆ ಹೊರಟರು. ಅಡಿವೆಪ್ಪನಿಗೆ ಹೋಗಲು ಊರಿರಲಿಲ್ಲ. ಮಠದಲ್ಲಿಯೇ ಬೆಳೆದವನು, ಈಗ ಕಿರಿಯರಿಗೆ ಪಾಠ ಹೇಳುವಷ್ಟು ದೊಡ್ಡವನಾಗಿದ್ದ. ಎರಡು ಹೊಳೆಗಳು ಕೂಡುವ ಜಾಗಕ್ಕೆ ನಡೆದು ಹೋಗಿ ಬರಬೇಕೆಂಬುದು ಅವನ ಬಹಳ ದಿನದ ಆಸೆ. ಮಳೆ ಹಿಡಿದರೆ ಹಳ್ಳಗಳು ತುಂಬಿ ದಾರಿ ಕಟ್ಟಾಗುತ್ತದೆ. ಹೋದರೆ ನಾಳೆ ನಸುಕಿನಲ್ಲಿ ಹೋಗಬೇಕು, ಇಲ್ಲದಿದ್ದರೆ ಈ ವರ್ಷ ಇಲ್ಲ.

ಅಜ್ಜನವರಿಗೆ ವಯಸ್ಸಾಗಿತ್ತು. ತಮ್ಮ ಗುರುಗಳ ಸಮಾಧಿಯ ಗದ್ದುಗೆಯನ್ನು ಬೆಳಿಗ್ಗೆ ಸಂಜೆ ಸುತ್ತುವುದು ಅವರ ನೇಮ. ಸುತ್ತು ಎಂದರೆ ಒಂದೆರಡಲ್ಲ, ಮೈ ಬೆವರುವಷ್ಟು. ಈಚೆಗೆ ಅಡಿವೆಪ್ಪನ ತೋಳು ಹಿಡಿದು ಸುತ್ತುತ್ತಿದ್ದರು. ಮಠಕ್ಕೆ ಬಂದ ಮೇಲೆ ಅವರು ಊರಿನ ಅಗಸಿಬಾಗಿಲು ದಾಟಿ ಹೋದದ್ದನ್ನು ಕಂಡವರಿಲ್ಲ.

ಪ್ರಶ್ನೆ ಕೇಳಿ ಅಜ್ಜನವರು ನಕ್ಕರು.

"ದಾರಿಯದೊಂದು, ಕೌದಿಯದೊಂದು, ಈಗ ಗಂಟಿನದೊಂದು. ಇಷ್ಟಕ್ಕೆಲ್ಲ ಬೇರೆ ಬೇರೆ ಉತ್ತರ ಕೊಡುವಷ್ಟು ಬುದ್ಧಿ ನನಗಿಲ್ಲಪ್ಪ. ಒಂದು ಕತೆ ಗೊತ್ತಿದೆ. ಕೂತುಕೋ," ಎಂದರು. ಅಡಿವೆಪ್ಪ ಕೂತ. ಅಜ್ಜನವರು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಗಾಣಿಗನಿದ್ದ. ಅವನಿಗೆ ಒಬ್ಬಳು ಹೆಂಡತಿ, ಒಂದು ಎತ್ತು. ಗಂಡ ಹೆಂಡತಿಯ ಹೆಸರು ನನಗೆ ತಿಳಿಯದು. ಎತ್ತಿನ ಹೆಸರು ಮಾಸ್ಯಾ. ಆ ಮನೆಯಲ್ಲಿ ದಿನವಿಡೀ ಕೇಳಿಬರುತ್ತಿದ್ದದ್ದು ಅದೊಂದೇ ಹೆಸರು.

ಗಾಣವನ್ನು ನೀನು ನೋಡಿದ್ದೀ. ನಡುವೆ ಕಲ್ಲಿನ ಒರಳು, ಒರಳಿನೊಳಗೆ ತಿರುಗುವ ಮರದ ಕಂಬ. ಕಂಬಕ್ಕೆ ನೊಗ, ನೊಗಕ್ಕೆ ಎತ್ತು. ತಲೆ ತಿರುಗದಿರಲಿ ಎಂದು ಎತ್ತಿನ ಕಣ್ಣಿಗೆ ಬಟ್ಟೆ ಕಟ್ಟುತ್ತಾರೆ. ಎತ್ತು ಗಾಣವನ್ನು ಬಲಕ್ಕಿಟ್ಟುಕೊಂಡು ಸುತ್ತುತ್ತದೆ. ಅದರ ಹಿಂದೆ ಗಾಣಿಗ ಸುತ್ತುತ್ತಾನೆ. ಗುಡಿ ಸುತ್ತುವವರೂ ದೇವರನ್ನು ಬಲಕ್ಕಿಟ್ಟುಕೊಂಡೇ ಸುತ್ತುವುದು. ನಾವು ಪುಣ್ಯ ಬಂತು ಎನ್ನುತ್ತೇವೆ, ಗಾಣಿಗ ಎಣ್ಣೆ ಬಂತು ಎನ್ನುತ್ತಾನೆ. ಅವನದಾದರೆ ಅಳತೆಗೆ ಸಿಗುತ್ತದೆ.

ಹೆಂಡತಿ ಬಾಗಿಲಲ್ಲಿ ಕೂತು ಎಣ್ಣೆ ಅಳೆದು ಕೊಡುತ್ತಿದ್ದಳು. ನಾಲ್ಕೂ ದಿಕ್ಕಿನ ಗಾಡಿಯವರು ಗಡಿಗೆ ತುಂಬುವ ತನಕ ಅವಳ ಮುಂದೆ ಕೂತು ಮಾತಾಡುತ್ತಿದ್ದರು. ಹೀಗೆ ಕೂತಲ್ಲೇ ಅವಳಿಗೆ ನಾಲ್ಕು ಸೀಮೆಯ ಸುದ್ದಿ. ಅವುಗಳಲ್ಲಿ ಒಂದು ಸುದ್ದಿ ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತು. ಮೂರು ದಿನ ನಡೆದರೆ ಎರಡು ಹೊಳೆ ಕೂಡುವ ಜಾಗವಿದೆ. ಒಂದರ ನೀರು ಕೆಂಪು, ಇನ್ನೊಂದರದು ಕಪ್ಪು. ಕೂಡಿದ ಮೇಲೂ ಬಹಳ ದೂರ ಎರಡೂ ಪಕ್ಕ ಪಕ್ಕದಲ್ಲಿ ಹರಿಯುತ್ತವೆ, ಬೆರೆಯುವುದಿಲ್ಲ. ಹಾಗೆಂದು ಗಾಡಿಯವರು ಹೇಳಿದರು. ಬೆರೆಯದ ನೀರನ್ನು ನೋಡಬೇಕೆಂದು ಅವಳಿಗೆ ಆಸೆಯಾಯಿತು. ಒಬ್ಬಳೇ ಅಲ್ಲ, ಗಂಡನ ಜೊತೆ.

"ಒಮ್ಮೆ ಹೋಗಿ ನೋಡೂಣ್ರಿ. ನಡಕೋತ ಹೋಗೂಣು, ಹೊತ್ತು ಮುಳುಗಿದಲ್ಲೆ ಮಲಗೂಣು," ಎಂದು ಗಂಡನಿಗೆ ಹೇಳಿದಳು. ಮದುವೆಯಾದ ಹೊಸದರಲ್ಲಿ ಹೇಳಿದ ಮಾತು ಅದು.

"ಮುಂದ ನೋಡೂಣು," ಎಂದ ಗಾಣಿಗ.

ಅವನು ಸುಳ್ಳು ಹೇಳುವವನಲ್ಲ. ಸೋಮವಾರ ಎತ್ತಿಗೆ ನೊಗ ಕಟ್ಟಬಾರದೆಂಬುದು ಆ ಸೀಮೆಯ ನೇಮ. ವಾರಕ್ಕೆ ಅದೊಂದೇ ದಿನ ಗಾಣಕ್ಕೆ ಬಿಡುವು. ಒಂದು ದಿನದಲ್ಲಿ ಎಲ್ಲಿಗೆ ಹೋಗಿ ಬರಲಾದೀತು? ಆದ್ದರಿಂದ ಮುಂದೆ ನೋಡೋಣ. ಗಾಣ ಸುತ್ತುವವನಿಗೆ ಮುಂದೆ ಎಂಬುದು ಎಷ್ಟು ನಡೆದರೂ ಮುಂದೆಯೇ ಇರುತ್ತದೆ. ಹೀಗೇ ಅವರ ತಲೆ ನರೆಯಿತು. ಈಗೀಗ ಹೆಂಡತಿ ಏಳುವಾಗ ನೆಲಕ್ಕೆ ಕೈ ಊರುತ್ತಿದ್ದಳು. ಇನ್ನೂ ಕೆಲವು ವರ್ಷ ಹೋದರೆ ಆಸೆ ಉಳಿಯುತ್ತದೆ, ಕಾಲು ಉಳಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅದನ್ನು ಗಂಡನಿಗೂ ಹೇಳಿದ್ದಳು.

ಒಂದು ಮಂಗಳವಾರ ಮುಂಜಾನೆ ಗಾಣದ ಕಂಬ ಸೀಳಿತು. ಬಡಗಿ ಬಂದು ನೋಡಿದ. ಹೊಸ ಕಂಬ ಕೆತ್ತಿ, ಎಣ್ಣೆ ಕುಡಿಸಿ, ಒರಳಿಗೆ ಕೂಡಿಸಲು ಬರುವ ಮಂಗಳವಾರವಾಗುತ್ತದೆ ಎಂದು ಹೇಳಿ ಹೋದ. ಗಾಣಿಗ ಅಂಗಳದಲ್ಲಿ ನಿಂತೇ ಇದ್ದ. ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದು ಅವನಿಗೆ ತಿಳಿಯಲಿಲ್ಲ. ಹೆಂಡತಿ ಒಳಗೆ ಹೋಗಿ ಒಲೆ ಹಚ್ಚಿ ದಾರಿಗೆ ರೊಟ್ಟಿ ಬಡಿಯಲು ಕೂತಳು. ಬಡಗಿ ಇನ್ನೂ ಓಣಿ ದಾಟಿರಲಿಲ್ಲ.

"ನಾಳೆ ನಸಿಕಿನ್ಯಾಗ ಹೊಂಡೂಣ್ರಿ," ಎಂದಳು.

"ನಾಳೇನಾ?"

"ಹೊಸಾ ಕಂಬ ಸೀಳೂತನಾ ಕಾಯೂಣೇನು?"

ಗಾಣಿಗ ಒಪ್ಪಿದ. ಆದರೆ ನಾಳೆಯೇ ಹೊರಡುವುದೆಂದರೆ ಸಿದ್ಧತೆ ಬೇಡವೇ? ಅವನು ದಾರಿ ಕೇಳಲು ಊರೊಳಗೆ ಹೋದ. ಕುರಿ ಕಾಯುವವನು ಹೊಲದ ಬದುವಿನ ಮೇಲೆ ಹೋಗು ಎಂದ. ಗಾಡಿಯವನು ಗಾಡಿ ದಾರಿ ಬಿಡಬೇಡ ಎಂದ. ಎಂದೂ ಊರು ಬಿಡದ ಒಬ್ಬ ಮುದುಕ ಎಲ್ಲರಿಗಿಂತ ಹೆಚ್ಚು ಹೊತ್ತು ದಾರಿ ಹೇಳಿದ. ದಾರಿಯಲ್ಲಿ ಹಾವಿದೆ ಎಂದು ಒಬ್ಬ ಹೇಳಿದ್ದಕ್ಕೆ ಕಂದೀಲು ಕಟ್ಟಿಕೊಂಡ. ಬಾವಿಗಳು ಆಳ ಎಂದು ಇನ್ನೊಬ್ಬ ಹೇಳಿದ್ದಕ್ಕೆ ಹಗ್ಗ ಕಟ್ಟಿಕೊಂಡ. ಒಬ್ಬ ಬಿಸಿಲು ಎಂದ, ಮತ್ತೊಬ್ಬ ಮಳೆ ಎಂದ. ಎರಡಕ್ಕೂ ಕೊಡೆಯೇ ಸಾಕಾದ್ದರಿಂದ ಅಷ್ಟು ಉಳಿತಾಯವಾಯಿತು. ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಎನ್ನುತ್ತಾರೆ. ಅವನು ಮುತ್ತನ್ನು ಬಿಟ್ಟು ಹತ್ತನ್ನೂ ಕಟ್ಟಿದ.

"ಸಂತಿಗೆ ಹೊಂಟೀರೋ, ನಡ್ಯಾಕ ಹೊಂಟೀರೋ?" ಎಂದು ಹೆಂಡತಿ ಗಂಟನ್ನು ನೋಡಿ ಕೇಳಿದಳು.

ಎತ್ತನ್ನು ನೋಡಿಕೊಳ್ಳಲು ನೆರೆಮನೆಯ ರೈತ ಒಪ್ಪಿದ. ಮೇವು ಎಷ್ಟು, ಹಿಂಡಿ ಎಷ್ಟು, ನೀರು ಯಾವಾಗ ಎಂದು ಗಾಣಿಗ ಅವನಿಗೆ ಹೇಳಿದ. ರೈತ ತಲೆಯಾಡಿಸಿದ. ಗಾಣಿಗ ಮೊದಲಿನಿಂದ ಮತ್ತೆ ಹೇಳಿದ. ತಾನೂ ದನ ಕಟ್ಟಿ ಬಾಳಿದವನೇ ಎಂದು ರೈತ ನೆನಪು ಮಾಡಿಕೊಡಬೇಕಾಯಿತು.

ಮರುದಿನ ನಸುಕಿನಲ್ಲಿ ಗಂಡ ಹೆಂಡತಿ ಹೊರಟರು. ಊರಾಚೆ ಒಂದು ಬೇವಿನ ಮರ. ಅದರ ಹತ್ತಿರ ಬಂದು ಗಾಣಿಗ ನಿಂತ.

"ಕೊಡಿ ಮರ್ತೆ," ಎಂದ.

ಹೆಂಡತಿ ಮರದ ಕೆಳಗೆ ಕೂತಳು. ಅವನು ಊರಿಗೆ ಹೋದ. ಕೊಡೆ ಹಿಡಿದು ತಿರುಗಿ ಬರುವಷ್ಟರಲ್ಲಿ ಬಿಸಿಲೇರಿತ್ತು. ಒಂದು ಕೊಡೆ ತರಲು ಅಷ್ಟು ಹೊತ್ತು ಬೇಕಿರಲಿಲ್ಲ. ಅಂದು ಪಕ್ಕದೂರಿನ ಹನುಮಪ್ಪನ ಗುಡಿಯ ತನಕ ಮಾತ್ರ ಹೋಗಿ ಮಲಗಿದರು.

ಬೆಳಿಗ್ಗೆ ಎದ್ದ ಕೂಡಲೇ ಗಾಣಿಗ ಮುಳ್ಳು ಕೀಳುವ ಚಿಮಟ ಮರೆತೆ ಎಂದ.

"ಮುಳ್ಳ ಚುಚ್ಚಿದ್ರ ನಾ ಹಲ್ಲಿಲೆ ಕೀಳತೀನಿ, ನಡೀರಿ," ಎಂದಳು ಹೆಂಡತಿ.

ಅವನು ಕೇಳಲಿಲ್ಲ, ಹೋದ. ಬಂದಾಗ ಸಂಜೆ. ಅವಳು ಇಡೀ ದಿನ ಗುಡಿಯ ಕಟ್ಟೆಯ ಮೇಲೆ ಕೂತು, ಹೋಗಿ ಬರುವವರನ್ನು ನೋಡಿದಳು. ಎಲ್ಲರೂ ಎಲ್ಲಿಗೋ ಹೋಗುತ್ತಿದ್ದರು.

ಮೂರನೆಯ ದಿನ ಬೆಳಿಗ್ಗೆ ಗಾಣಿಗ ಗಂಟು ಹೊತ್ತ. ಎರಡು ಹೆಜ್ಜೆ ಇಟ್ಟು ಗಂಟು ಇಳಿಸಿದ.

"ಏನೋ ಮರ್ತೀನಿ."

"ಏನ ಮರ್ತೀರಿ?"

"ನೆನಪಾಗವಲ್ದು. ಮನಿಗೆ ಹೋದ್ರ ನೆನಪಾಗತೈತಿ."

ಗಾಣಿಗನ ಮುಖ ನೋಡಿದರೆ ನಗು ಬರಬೇಕು. ಅವಳಿಗೆ ನಗು ಬರಲಿಲ್ಲ. ಅವನು ಹೊರಟ ಮೇಲೆ ಗಂಟನ್ನು ಪೂಜಾರಿಯ ಮನೆಯಲ್ಲಿಟ್ಟು ಅವನ ಹಿಂದೆಯೇ ದೂರದಿಂದ ನಡೆದಳು. ಗಂಡನನ್ನು ಹೀಗೆ ಹಿಂದಿನಿಂದ ಅವಳು ಎಂದೂ ನೋಡಿರಲಿಲ್ಲ. ಅವನು ಓಡುತ್ತಿರಲಿಲ್ಲ ಅಷ್ಟೆ, ನಡೆಯುವ ರಭಸ ಓಟದ್ದೇ.

ಮನೆ ಬಂತು. ಅವನು ಮನೆಯೊಳಗೆ ಹೋಗಲೇ ಇಲ್ಲ. ನೇರವಾಗಿ ಗಾಣದ ಕಡೆ ಹೋದ. ಅವಳು ಬೇಲಿಯ ಆಚೆ ನಿಂತು ನೋಡಿದಳು.

ಎತ್ತು ಅಲ್ಲಿ ತಾನೊಂದೇ ಸುತ್ತುತ್ತಿತ್ತು. ಕಂಬವಿಲ್ಲ, ನೊಗವಿಲ್ಲ, ಕಣ್ಣಿಗೆ ಬಟ್ಟೆಯಿಲ್ಲ. ಪಾಪ, ಮೈ ಸಡಿಲಾಗಲಿ ಎಂದು ರೈತ ಹಗ್ಗ ಬಿಚ್ಚಿ ಅಂಗಳಕ್ಕೆ ಬಿಟ್ಟಿದ್ದ. ಅದು ಬರಿದಾದ ಒರಳನ್ನು ಬಲಕ್ಕಿಟ್ಟುಕೊಂಡು, ತನ್ನ ಗೊರಸಿನಿಂದಲೇ ಸವೆದ ಜಾಡಿನಲ್ಲಿ ನಡೆಯುತ್ತಿತ್ತು. ಹಾಕಿದ ಮೇವು ಹಾಗೇ ಇತ್ತು. ಗಾಣಿಗ ಹೋಗಿ ಅದರ ಇಣಿಯ ಡುಬ್ಬದ ಮೇಲೆ ಕೈಯಿಟ್ಟ. ಅದು ನಿಂತಿತು.

"ಉಂಡೇನೋ, ಮಾಸ್ಯಾ? ನಿದ್ದಿ ಬಂತೇನೋ ರಾತ್ರಿ?" ಎಂದು ಕೇಳಿದ. ಕೇಳುತ್ತ ಒಂದೊಂದೇ ಹಿಡಿ ಮೇವನ್ನು ಅದರ ಬಾಯಿಗೆ ಕೊಟ್ಟ. ಅದು ತಿಂದಿತು.

ಹೆಂಡತಿಗೆ ಸಿಟ್ಟು ಬಂತು, ದುಃಖವೂ ಬಂತು. ಯಾವುದು ಮೊದಲು ಬಂತೆಂದು ಅವಳಿಗೇ ಗೊತ್ತಾಗಲಿಲ್ಲ. ಇಷ್ಟು ವರ್ಷ ಇವನ ಕೈಗೆ ಅನ್ನ ಕೊಟ್ಟವಳು ಅವಳು. ಉಂಡೆಯಾ, ನಿದ್ದೆ ಬಂತಾ ಎಂದು ಅವನು ಅವಳನ್ನು ಯಾವತ್ತು ಕೇಳಿದ್ದ? ಬೇಲಿ ಸರಿಸಿ ಒಳಗೆ ಬಂದಳು.

"ಇದನ್ನೇನು ನೀವು ಮರ್ತದ್ದು?" ಎಂದಳು.

ಗಾಣಿಗ ಹೌಹಾರಿದ. "ನಾ ಹೋದ್ರ ಇದಕ್ಕ ಯಾರದಾರ?" ಎಂದ.

"ನಾ ಹ್ವಾದ್ರ ನಿಮಗ್ಯಾರದಾರ? ಅದನ್ನೊಮ್ಮೆ ಕೇಳ್ಕೊಂಡೀರೇನು?"

ಮೇವಿನ ಕಡ್ಡಿಗಳು ಅವನ ಅಂಗೈಯಲ್ಲೇ ಉಳಿದಿದ್ದವು. ಎತ್ತು ನಾಲಿಗೆ ಚಾಚಿ ಅವನ್ನೂ ತೆಗೆದುಕೊಂಡಿತು. ಹೆಂಡತಿ ಗಂಡನನ್ನು ನೋಡಿದಳು, ಎತ್ತನ್ನು ನೋಡಿದಳು. ಬಿಟ್ಟು ಬಾ ಎಂದರೆ ಇವನ ಕಾಲು ಬರುತ್ತವೆ, ಇವನು ಬರುವುದಿಲ್ಲ. ಅದು ಅವಳಿಗೆ ಸ್ಪಷ್ಟವಾಯಿತು. ಗೂಟದಲ್ಲಿದ್ದ ಹಗ್ಗ ತಂದು ಗಂಡನ ಕೈಯಲ್ಲಿಟ್ಟಳು.

"ಹಂಗಾರ ಕೂಡೇ ಕರಕೊಂಡು ನಡೀರಿ," ಎಂದಳು. "ಮರ್ತದ್ದನ್ನ ತಗೊಂಡಂಗಾತು. ಉಳಿದದ್ದೆಲ್ಲಾ ಬಿಟ್ಟು ನಡೀರಿ."

ಗಾಣದ ಎತ್ತು ದಾರಿ ನಡೆದೀತೇ? ಊರವರು ಏನೆಂದಾರು? ಅವನು ಕೇಳುವುದು ಬಹಳ ಇತ್ತು. ಅವಳ ಮುಖ ನೋಡಿ ಹಗ್ಗವನ್ನು ಎತ್ತಿನ ಕೊರಳಿಗೆ ಹಾಕಿದ. ಹನುಮಪ್ಪನ ಗುಡಿಯ ಊರಿನಲ್ಲಿ ರೊಟ್ಟಿ ಚಟ್ನಿಪುಡಿ, ಎರಡು ಕಂಬಳಿ ಮಾತ್ರ ತೆಗೆದುಕೊಂಡು, ಕಂದೀಲು ಹಗ್ಗ ಕೊಡೆ ಚಿಮಟ ಎಲ್ಲವನ್ನೂ ಪೂಜಾರಿಯ ಮನೆಯಲ್ಲಿಯೇ ಬಿಟ್ಟರು.

ಅಲ್ಲಿಂದ ಮುಂದೆ ಬಯಲು. ಕಣ್ಣು ಹಾಯಿಸಿದಷ್ಟು ದೂರ ಬಿತ್ತನೆಗೆ ಹದ ಮಾಡಿದ ಕಪ್ಪು ಹೊಲ. ಗಾಣಿಗ ಹಗ್ಗ ಹಿಡಿದು ಎತ್ತಿನ ಎಡಗಡೆ ನಡೆದ. ಹೆಂಡತಿಯ ಸಿಟ್ಟು ಇನ್ನೂ ಇಳಿದಿರಲಿಲ್ಲ, ಅವಳು ಹಿಂದೆ ನಡೆದಳು. ಸ್ವಲ್ಪ ದೂರ ಹೋಗುವುದರೊಳಗೆ ಎತ್ತು ದಾರಿ ಬಿಟ್ಟು ಬಲಕ್ಕೆ ಇಳಿಯಿತು. ಗಾಣಿಗ ಎಳೆದು ತಂದ. ಮತ್ತೆ ಇಳಿಯಿತು. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎಂಬಂತೆ, ಅದರ ದಾರಿಯೇ ಬೇರೆ. ಆಮೇಲಾಮೇಲೆ ಗಾಣಿಗ ಎಳೆಯುವುದನ್ನೂ ಬಿಟ್ಟ. ನೇರವಾಗಿಯೇ ಹೋಗುತ್ತಿದ್ದೇವಲ್ಲ ಎಂದು ಅವನಿಗೆ ಅನ್ನಿಸಿತು. ಅಷ್ಟು ವರ್ಷ ಎತ್ತಿನ ಹಿಂದೆ ನಡೆದವನ ಕಾಲೂ ಎತ್ತಿನ ಕಾಲೇ. ಅವನೂ ಬಲಕ್ಕೆ ವಾಲುತ್ತಿದ್ದ. ಇಬ್ಬರ ಹಿಂದೆ ನಡೆಯುತ್ತಿದ್ದ ಅವಳು, ಸಿಟ್ಟಿನಲ್ಲಿ ತಲೆ ತಗ್ಗಿಸಿದ್ದರಿಂದ, ಅವರ ಹೆಜ್ಜೆಯನ್ನೇ ನೋಡಿದಳೇ ಹೊರತು ದಾರಿಯನ್ನು ನೋಡಲಿಲ್ಲ.

ಹೊತ್ತು ಇಳಿಯುವಾಗ ಮುಂದೆ ಒಂದು ಗುಡಿ ಕಂಡಿತು.

"ಇಲ್ಲೂ ಒಂದು ಹನುಮಪ್ಪನ ಗುಡಿ ಐತಿ ನೋಡು," ಎಂದ ಗಾಣಿಗ ಹಿಗ್ಗಿನಿಂದ.

ಗುಡಿಯ ಕಟ್ಟೆಯ ಮೇಲೆ ಕೂತಿದ್ದ ಪೂಜಾರಿ, "ಮತ್ತೇನ ಮರ್ತ್ರೆಪಾ?" ಎಂದು ಕೇಳಿದ.

ಮಧ್ಯಾಹ್ನ ಬಿಟ್ಟ ಗುಡಿಗೇ ಸಂಜೆ ಬಂದಿದ್ದರು. ಇಡೀ ಬಯಲನ್ನು ಬಲಕ್ಕಿಟ್ಟುಕೊಂಡು ಒಂದು ಸುತ್ತು ಹಾಕಿದ್ದರು. "ಈ ದಾರೀನ ಸೊಟ್ಟ ಐತಿ," ಎಂದ ಗಾಣಿಗ. ಕುಣಿಯಲು ಬಾರದವಳು ಅಂಗಳ ಡೊಂಕು ಅಂದಳಂತೆ. ಹೆಂಡತಿ ಅವನ ಮುಖ ನೋಡಿದಳು. ಅವಳಿಗೆ ನಗು ಬಂತು. ಮೊದಲು ಬಾಯಿಗೆ ಸೆರಗು ಒತ್ತಿ ನಕ್ಕಳು, ಆಮೇಲೆ ಕಟ್ಟೆಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಬೆಳಗಿನಿಂದ ಎದೆಯಲ್ಲಿದ್ದ ಸಿಟ್ಟು ಆ ನೀರಿನಲ್ಲಿ ಹೋಯಿತು. ಗಾಣಿಗನೂ ನಕ್ಕ. ಪೂಜಾರಿ ಎತ್ತಿಗೆ ಮೇವು ಹಾಕಿದ.

ಬೆಳಿಗ್ಗೆ ಹೊರಡುವಾಗ ಹೆಂಡತಿ, "ನಾ ಬಲಗಡೆ ನಡಿತೀನಿ," ಎಂದಳು.

ಎತ್ತಿನ ಬಲಕ್ಕೆ ಬಂದು, ಅದರ ಪಕ್ಕೆಗೆ ಭುಜ ಕೊಟ್ಟು ನಡೆದಳು. ಎತ್ತು ಬಲಕ್ಕೆ ವಾಲಿದಾಗ ಅವಳ ಭುಜ ಸಿಗುತ್ತಿತ್ತು, ಅದು ದಾರಿಗೆ ಬರುತ್ತಿತ್ತು. ಎತ್ತು ನೇರ ನಡೆದುದರಿಂದ ಗಾಣಿಗನೂ ನೇರ ನಡೆದ. ಸಾಲಿನಲ್ಲಿ ಮೂವರು. ಎದುರಿಗೆ ಬಂದವರು ಎತ್ತು ಮಾರಾಟಕ್ಕಿದೆಯೇ ಎಂದು ಕೇಳಿದರು. ಇಲ್ಲ, ಹೊಳೆ ನೋಡಲು ಹೊರಟಿದೆ ಎಂದು ಅವಳು ಹೇಳಿದಳು. ಕೇಳಿದವರು ನಕ್ಕರು, ಆದರೆ ಹಾಗೆ ನಕ್ಕವರ ಮನೆಯಲ್ಲಿಯೇ ಎತ್ತಿಗೆ ಮೇವು, ಇವರಿಗೆ ಮಜ್ಜಿಗೆ ಸಿಕ್ಕಿತು. ನಡೆಯುತ್ತ ಗಾಣಿಗ ಅವಳು ಹೇಳಿದ್ದನ್ನು ಕೇಳಿದ. ಯಾವ ಗಾಡಿಯವನು ಯಾವ ಊರಿನವನು, ಯಾರು ಏನು ಹೇಳಿದರು ಎಂದು ಅವಳು ಎತ್ತಿನ ಆಚೆಯಿಂದ ಹೇಳುತ್ತ ಬಂದಳು. ಇಷ್ಟು ದಿನ ಗಾಣದ ಸದ್ದಿನಲ್ಲಿ ಅವನಿಗೆ ಇದೊಂದೂ ಕೇಳಿಸಿರಲಿಲ್ಲ.

ಮರುದಿನ ಮಧ್ಯಾಹ್ನ ಒಂದು ಹಳ್ಳದ ಹತ್ತಿರ ನಿಂತರು. ಎರಡು ಹೊಳೆ ಕೂಡುವ ಜಾಗ ಇನ್ನೆಷ್ಟು ದೂರ ಎಂದು ಹಳ್ಳದಲ್ಲಿ ಬಟ್ಟೆ ಒಗೆಯುವವರನ್ನು ಕೇಳಿದರು. ನಾಳೆ ಸಂಜೆಗೆ ಮುಟ್ಟುತ್ತೀರಿ ಎಂದು ಅವರು ಹೇಳಿದರು. ಮಂಗಳವಾರ ಬಡಗಿ ಬರುತ್ತಾನೆ. ಮಂಗಳವಾರ ಮನೆಯಲ್ಲಿರಬೇಕಾದರೆ ಈಗಲೇ ಹಿಂದೆ ತಿರುಗಬೇಕು. ಇಬ್ಬರಿಗೂ ಅದು ಗೊತ್ತಾಯಿತು. ಮರೆತ ಸಾಮಾನು ತರಲು ಹೋದ ದಿನಗಳು ಈಗ ಬೇಕಾಗಿದ್ದವು, ಆದರೆ ಅವು ಕೈಯಲ್ಲಿರಲಿಲ್ಲ.

ಹೆಂಡತಿಯೇ ಹೇಳಿದಳು.

"ತಿರುಗೂಣ್ರಿ. ಇಷ್ಟ ಬಂದಿವಲ್ಲ, ಸಾಕು."

ಹೇಳಿ, ಒಂದು ಕಲ್ಲಿನ ಮೇಲೆ ಕೂತು ಎರಡೂ ಕೈಯಿಂದ ಪಾದ ಒತ್ತಿಕೊಂಡಳು. ಗಾಣಿಗ ಆ ಪಾದಗಳನ್ನು ನೋಡಿದ. ಬಾತಿದ್ದವು. ಇನ್ನೊಮ್ಮೆ ಈ ದಾರಿಯನ್ನು ಅವು ನಡೆಯಲಾರವು. ಅದು ಅವನಿಗೆ ಅಂದು ತಿಳಿಯಿತು. ಅವಳು ಎಷ್ಟೋ ಸಲ ಹೇಳಿದ್ದಳು. ಹೇಳಿದಾಗ ಅವನು ಹೂಂ ಎಂದಿದ್ದ, ಅಷ್ಟೆ.

ಬಲಗಡೆ ಅವಳಿಲ್ಲದ್ದರಿಂದ ಎತ್ತು ತನ್ನಷ್ಟಕ್ಕೆ ತಾನೇ ಬಲಕ್ಕೆ ಹೊರಳುತ್ತಿತ್ತು. ನಿಧಾನವಾಗಿ ಅದರ ಮುಖ ಬಂದ ದಾರಿಯ ಕಡೆ ತಿರುಗುತ್ತಿತ್ತು. ಗಾಣಿಗ ಅದನ್ನೂ ನೋಡಿದ. ಎತ್ತನ್ನು ಸುತ್ತಿ ಬಂದು, ಅವಳು ನಡೆಯುತ್ತಿದ್ದ ಕಡೆ ನಿಂತ. ಪಕ್ಕೆಗೆ ತನ್ನ ಭುಜ ಕೊಟ್ಟು ನೂಕಿದ. ಎತ್ತಿನ ಮುಖ ಮತ್ತೆ ಹೊಳೆಯ ಕಡೆ ಬಂತು.

"ಇವತ್ತ ಈ ಕಡಿ ನಾ ನಡಿತೀನಿ," ಎಂದ. "ನೀ ಮುಂದ ನಡಿ. ಇಷ್ಟ ವರ್ಸ ನಾವ್ ಗಾಣಕ್ಕ ಕಾದೀವಿ, ನಾಕ ದಿನ ಅದ ನಮಗ ಕಾಯಲಿ."

ಅವಳು ನೆಲಕ್ಕೆ ಕೈ ಊರದೆ ಎದ್ದಳು.

ಮರುದಿನ ಸೋಮವಾರ. ದಾರಿಯ ಒಂದು ಊರಿನಲ್ಲಿ ಹಿರಿಯನೊಬ್ಬ ಅಡ್ಡಗಟ್ಟಿದ. ಸೋಮವಾರ ಎತ್ತನ್ನು ನಡೆಸುತ್ತೀರಲ್ಲ, ನೇಮ ಗೊತ್ತಿಲ್ಲವೇ ಎಂದು ಗದರಿದ. "ನಡಸಾಕತ್ತಿಲ್ಲ ಯಜಮಾನ್ರ, ಕರಕೊಂಡು ಹೊಂಟೀವಿ," ಎಂದ ಗಾಣಿಗ. ಹಿರಿಯ ಎತ್ತಿನ ಹೆಗಲು ನೋಡಿದ. ನೊಗವಿರಲಿಲ್ಲ. ಅವನು ಕೈಮುಗಿದು ದಾರಿ ಬಿಟ್ಟ. ಹೊತ್ತು ಮುಳುಗುವ ಮುಂಚೆ ನೀರು ಕಂಡಿತು. ಅವಳು ಹಿಂದೆ ನೋಡದೆ ಇಳಿಯುತ್ತ ಹೋದಳು. ಮೊಣಕಾಲುದ್ದ ನೀರಿನಲ್ಲಿ ನಿಂತು, ಆಮೇಲೆ ತಿರುಗಿ ಗಂಡನನ್ನು ಕೈಮಾಡಿ ಕರೆದಳು. ಅವನು ಎತ್ತನ್ನು ಕರೆದುಕೊಂಡು ಇಳಿದ.

ಅಜ್ಜನವರು ಕತೆ ನಿಲ್ಲಿಸಿದರು. ಮಾಳಿಗೆಯ ಮೇಲೆ ಆಳುಗಳು ಮಣ್ಣು ಬಡಿಯುವ ಸದ್ದು ಕೇಳುತ್ತಿತ್ತು.

"ನೀರು ಎರಡು ಬಣ್ಣದ್ದಿತ್ತೇ?" ಎಂದು ಅಡಿವೆಪ್ಪ ಕೇಳಿದ.

"ನನಗೆ ಕತೆ ಹೇಳಿದವರು ಅಷ್ಟಕ್ಕೇ ನಿಲ್ಲಿಸಿದರು. ನಾನು ಆ ಜಾಗ ಕಂಡವನಲ್ಲ," ಎಂದರು ಅಜ್ಜನವರು.

ತನ್ನ ಪ್ರಶ್ನೆಗೆ ಉತ್ತರ ಬಂತೋ ಇಲ್ಲವೋ ಅಡಿವೆಪ್ಪನಿಗೆ ತಿಳಿಯಲಿಲ್ಲ. ಗಂಟು ಹಗುರವಾಗಿರಲಿ ಎಂದು ಅರ್ಥವಿರಬೇಕು ಎಂದುಕೊಂಡ. "ಹಾಗಾದರೆ ಕಂಬಳಿಯೊಂದೇ ಸಾಕು. ನಸುಕಿನಲ್ಲಿ ಹೊರಡುತ್ತೇನೆ," ಎಂದು ಎದ್ದ. ಎದ್ದವನು ಬಾಗಿಲಿಗೆ ಹೋಗಲಿಲ್ಲ. ಬಗ್ಗಿ ಅಜ್ಜನವರ ತಂಬಿಗೆಗೆ ಕೈ ಹಾಕಿದ. ಅದು ತುಂಬಿಯೇ ಇತ್ತು.

ಅಜ್ಜನವರು ಅವನ ಕೈಯ ಮೇಲೆ ಕೈಯಿಟ್ಟರು.

"ತಂಬಿಗೆ ಬಿಡು, ಮೂಲೆಯಲ್ಲಿರುವ ನನ್ನ ಕೋಲು ತಾ. ನಸುಕಿನಲ್ಲಿ ನಾನೂ ಬರುತ್ತೇನೆ. ಇಷ್ಟು ವರ್ಷ ಗದ್ದುಗೆ ಸುತ್ತಿದ ಕಾಲು, ಬಲಕ್ಕೆ ವಾಲುತ್ತದೆ. ನೀನು ಬಲಗಡೆ ನಡೆ."